ಮದನಿಕೆಯ ಕೈಯಲ್ಲಿ ಏನಿತ್ತು?

"ಕೈ ಎಲ್ಲಿ?" ಎಂದು ಕೇಳಿದ ಲಾಯರ್.

ಪಿಟೀಲು ಮಣ್ಣು ಮೆತ್ತಿದ ಬೆರಳು ಒರೆಸಿಕೊಂಡಳು. ಅವಳ ಮುಂದೆ ಬೆಂಚಿನ ಮೇಲೆ ಜೇಡಿಮಣ್ಣಿನ ಹೆಂಗಸೊಬ್ಬಳು ನಿಂತಿದ್ದಳು. ಸೊಂಟ ಒಂದು ಕಡೆ ಬಾಗಿತ್ತು, ತಲೆ ಇನ್ನೊಂದು ಕಡೆ ವಾಲಿತ್ತು. ಎಡಗೈ ಸೊಂಟದ ಮೇಲಿತ್ತು. ಬಲಗೈ ಮಾತ್ರ ಭುಜದ ಎತ್ತರಕ್ಕೆ ಎದ್ದು, ಮಣಿಕಟ್ಟಿನ ಹತ್ತಿರ ಬಂದು ನಿಂತುಬಿಟ್ಟಿತ್ತು. ಅದರಾಚೆಗೆ ಏನೂ ಇರಲಿಲ್ಲ.

"ಅರ್ಧ ದಾರೀಲಿ ಮಣ್ಣು ಮುಗೀತಾ?"

"ದೇವಸ್ಥಾನದಲ್ಲೂ ಹಾಗೇ ಇದೆ. ಕೈ ಮುರಿದು ಹೋಗಿದೆ."

ಲಾಯರ್ ಎಂದರೆ ಕೋರ್ಟಿನ ಲಾಯರ್ ಅಲ್ಲ. ಐದನೇ ಕ್ಲಾಸಿನ ಹುಡುಗ. ಸೂರ್ಯ ಹುಟ್ಟಿದ ಅಂದರೂ "ಪ್ರೂಫ್ ಏನು?" ಎಂದು ಕೇಳುವವನು. ಅದಕ್ಕೇ ಆ ಹೆಸರು. ಪಿಟೀಲಿನ ಹೆಸರೂ ಹಾಗೆ ಬಂದದ್ದೇ. ಕೂಸಾಗಿದ್ದಾಗ ಅವಳು ಅಳುತ್ತಿದ್ದ ದನಿ ಕೇಳಿ ಅಜ್ಜಿ ಇಟ್ಟದ್ದು, ಅಂಟಿಕೊಂಡೇ ಬಿಟ್ಟಿತು.

ಶಾಲೆಯಿಂದ ಕೂಗಳತೆಯ ದೂರದಲ್ಲಿ ಒಂದು ಹಳೆಯ ದೇವಸ್ಥಾನವಿತ್ತು. ಶಾಲೆಯ ಎಕ್ಸಿಬಿಷನ್ನಿಗೆ ಅದರ ಮಾಡೆಲ್ ಮಾಡೋಣ ಎಂದು ಟೀಚರ್ ಹೇಳಿದ್ದರು. ಗೋಡೆಗೆ ರಟ್ಟು, ಶಿಲ್ಪಗಳಿಗೆ ಜೇಡಿಮಣ್ಣು. ಗೋಡೆಯ ಬುಡದಲ್ಲಿ ಒಂದರ ಬಾಲ ಹಿಡಿದು ಇನ್ನೊಂದು ನಡೆಯುವ ಆನೆಗಳು ಒಬ್ಬರಿಗೆ, ಅದರ ಮೇಲಿನ ಕುದುರೆ ಸವಾರರು ಇನ್ನೊಬ್ಬರಿಗೆ, ಬಳೆ ಜೋಡಿಸಿಟ್ಟಂತಿರುವ ಕಂಬಗಳು ಮತ್ತೊಬ್ಬರಿಗೆ. ಲಾಯರನ ಪಾಲಿಗೆ ಬಾಗಿಲ ಸಿಂಹ ಬಂದಿತ್ತು. ಪಿಟೀಲಿಗೆ ಬಂದದ್ದು ಮದನಿಕೆ.

ಕಂಬದ ತಲೆಗೂ ಚಾವಣಿಯ ಅಂಚಿಗೂ ನಡುವೆ ಒಂದು ಕಲ್ಲನ್ನು ಓರೆಯಾಗಿ ಇಟ್ಟು, ಅದರಲ್ಲಿ ಕೆತ್ತಿದ ಹೆಣ್ಣೇ ಮದನಿಕೆ. ಓರೆಯಾಗಿರುವುದರಿಂದ ಅವಳು ಮುಂದಕ್ಕೆ ಬಾಗಿ, ಕೆಳಗೆ ಹೋಗಿಬರುವವರ ಮಾತು ಕೇಳಿಸಿಕೊಳ್ಳುತ್ತಿರುವ ಹಾಗೆ ಕಾಣುತ್ತಾಳೆ.

ಲಾಯರ್ ಬಿಡುವ ಹುಡುಗನಲ್ಲ. ಮಾಡೆಲ್ ಎಂದ ಮೇಲೆ ಪೂರ್ತಿ ಇರಬೇಕು, ಮುರಿದ ಕೈ ಇಟ್ಟರೆ ಇವಳಿಗೆ ಕೈ ಮಾಡಲು ಬರುವುದಿಲ್ಲ ಎಂದೇ ಎಲ್ಲರೂ ತಿಳಿಯುತ್ತಾರೆ ಎಂದ. ಸರಿ, ಕೈ ಮಾಡಿದರೂ ಅದರಲ್ಲಿ ಏನಿತ್ತು ಎಂದು ಇವಳಿಗೆ ಗೊತ್ತೇ ಎಂದೂ ಕೇಳಿದ. ಸುತ್ತಲಿದ್ದ ಮಕ್ಕಳು ಮಣ್ಣು ಕಲಸುವುದು ಬಿಟ್ಟು ಇತ್ತ ತಿರುಗಿದರು.

"ನಮ್ಮ ಅಮ್ಮಂಗೆ ಗೊತ್ತು" ಎಂದುಬಿಟ್ಟಳು ಪಿಟೀಲು. "ನಾಳೆ ಹೇಳ್ತೀನಿ ನೋಡು."

ಅದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅವಳ ಅಮ್ಮನ ಕೆಲಸವೇ ಆ ದೇವಸ್ಥಾನದ ಕಲ್ಲುಗಳನ್ನು ನೋಡಿಕೊಳ್ಳುವುದು. ಬಿರುಕು ಬಿಟ್ಟದ್ದನ್ನು ಮುಚ್ಚುವುದು, ಪಾಚಿ ತೆಗೆಯುವುದು, ಸಡಿಲವಾದದ್ದನ್ನು ಭದ್ರ ಮಾಡುವುದು. ಕಲ್ಲಿನ ಡಾಕ್ಟರು ಎಂದು ಕ್ಲಾಸಿನಲ್ಲಿ ಪಿಟೀಲು ಹೇಳಿಕೊಂಡಿದ್ದಳು. ಡಾಕ್ಟರಿಗೆ ಪೇಷೆಂಟಿನ ವಿಷಯ ಗೊತ್ತಿಲ್ಲದೆ ಇರುತ್ತದೆಯೇ?

ಸಂಜೆ ಬ್ಯಾಗು ಹೊತ್ತು ಸೀದಾ ದೇವಸ್ಥಾನಕ್ಕೇ ಹೋದಳು. ಮೆಟ್ಟಿಲುಗಳು ತುಳಿದು ತುಳಿದು ನಡುವೆ ತಟ್ಟೆಯ ಹಾಗೆ ತಗ್ಗಾಗಿದ್ದವು. ಒಳಗಿನ ಮಂಟಪ ತಣ್ಣಗಿತ್ತು. ನೆತ್ತಿಯ ಮೇಲೆ ಕಲ್ಲಿನ ತಾವರೆಯೊಂದು ತಲೆಕೆಳಗಾಗಿ ಅರಳಿತ್ತು. ಎಷ್ಟು ಸಲ ನೋಡಿದರೂ ಅದು ಈಗ ಉದುರಿಬಿಡುತ್ತದೆ ಎನ್ನಿಸುವ ತಾವರೆ.

ಬಾಗಿಲಲ್ಲೇ ಗೈಡ್ ಮಾಮ ಸಿಕ್ಕಿದರು. ಪಿಟೀಲು ಅವರನ್ನೂ ಕೇಳಿದಳು. ಅವರು ಯೋಚನೆ ಕೂಡ ಮಾಡಲಿಲ್ಲ. ಅದು ಕನ್ನಡಿ, ಅವಳು ಹಣೆಯ ಬೊಟ್ಟು ನೋಡಿಕೊಳ್ಳುತ್ತಿದ್ದಾಳೆ ಎಂದರು. ಬಂದವರಿಗೆಲ್ಲ ಅದನ್ನೇ ಹೇಳುತ್ತಿರುವುದಾಗಿಯೂ ಇವತ್ತಿನವರೆಗೆ ಒಬ್ಬರೂ ಎದುರು ಮಾತಾಡಿಲ್ಲವೆಂದೂ ಸೇರಿಸಿದರು.

ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಅರ್ಚಕರಿಗೆ ಇದು ಕೇಳಿಸಿತು. ಅವರು ನಗುತ್ತಾ ಹೊರಗೆ ಬಂದರು.

"ಗುಡಿಯಲ್ಲಿ ನಿಂತವಳು ಕನ್ನಡಿ ಯಾಕೆ ಹಿಡೀತಾಳೆ ಮಗು? ಹೂವು ಅದು. ದೇವರಿಗೆ ಅಂತ ತಂದದ್ದು."

"ಹಾಗಾದ್ರೆ ಇಷ್ಟು ವರ್ಷ ನಾನು ಹೇಳಿದ್ದು ಸುಳ್ಳಾ ಸ್ವಾಮಿ?" ಎಂದರು ಗೈಡ್ ಮಾಮ.

"ಸುಳ್ಳು ಅಂತ ನಾನು ಎಲ್ಲಿ ಅಂದೆ? ತಪ್ಪು ಅಂದೆ ಅಷ್ಟೆ."

ಇಬ್ಬರೂ ಮಾತಿಗೆ ಮಾತು ಬೆಳೆಸುತ್ತಾ ನಿಂತರು. ಪಿಟೀಲು ಮೆಲ್ಲನೆ ಜಾರಿಕೊಂಡಳು. ಕನ್ನಡಿಯೋ ಹೂವೋ, ಅಮ್ಮನನ್ನು ಕೇಳಿದರೆ ಮುಗಿಯಿತಲ್ಲ.

ಅಮ್ಮ ದೇವಸ್ಥಾನದ ಹಿಂಬದಿಯಲ್ಲಿ, ಕಂಬಿ ಹಲಗೆ ಕಟ್ಟಿದ ಅಟ್ಟಣೆಯ ಮೇಲೆ, ಅದೇ ಮದನಿಕೆಯ ಎದುರಿಗೆ ಕುಳಿತಿದ್ದಳು. ಸಣ್ಣ ಬ್ರಷ್ಷಿನಿಂದ ಕಿವಿಯ ಸಂದಿಯ ಧೂಳು ತೆಗೆಯುತ್ತಿದ್ದಳು, ಮಗುವಿನ ಕಿವಿ ಒರೆಸುವಷ್ಟು ನಿಧಾನವಾಗಿ. ಪಿಟೀಲು ಕೆಳಗಿನಿಂದಲೇ ಕೇಳಿದಳು.

ಅಮ್ಮ ಬ್ರಷ್ ಎತ್ತಿ ಹಿಡಿದು ಮದನಿಕೆಯ ಮುರಿದ ಕೈ ನೋಡಿದಳು. ಆಮೇಲೆ ಮಗಳ ಕಡೆ ನೋಡಿದಳು.

"ಗೊತ್ತಿಲ್ಲ ಕಣೇ."

"ಸುಮ್ನೆ ಹೇಳಮ್ಮ. ಕನ್ನಡೀನಾ, ಹೂವಾ?"

"ಕೆತ್ತಿದವನಿಗೆ ಗೊತ್ತಿತ್ತು. ದೇವರಿಗೆ ಗೊತ್ತಿದೆ. ನನಗೆ ಗೊತ್ತಿಲ್ಲ."

ಇಷ್ಟು ಹೇಳಿ ಮತ್ತೆ ಕಿವಿಯ ಧೂಳಿಗೆ ಹೋದಳು. ಪಿಟೀಲಿಗೆ ಮುಖ ಬಿಸಿಯಾಯಿತು. ಬಂದವರಿಗೆ ಗುಡಿ ತೋರಿಸುವ ಗೈಡ್ ಮಾಮನಿಗೆ ಗೊತ್ತು, ಪೂಜೆ ಮಾಡುವ ಅರ್ಚಕರಿಗೆ ಗೊತ್ತು. ದಿನವಿಡೀ ಆ ಮುಖದ ಎದುರು ಕೂರುವ ಅಮ್ಮನಿಗೆ ಮಾತ್ರ ಗೊತ್ತಿಲ್ಲ. ಇದನ್ನು ನಾಳೆ ಲಾಯರನ ಮುಂದೆ ಹೇಗೆ ಹೇಳುವುದು? "ನಮ್ಮ ಅಮ್ಮಂಗೆ ಗೊತ್ತು" ಎಂದು ಅಷ್ಟು ಜನರ ಮುಂದೆ ಅಂದಿದ್ದಳು.

ಮನೆಗೆ ಬಂದು ಬ್ಯಾಗನ್ನು ಮೂಲೆಗೆ ಎಸೆದಳು. ಅಜ್ಜಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು. ಅವರು ಅಮ್ಮನ ಅಮ್ಮ. ಹುಟ್ಟಿದ್ದೂ ಬೆಳೆದದ್ದೂ ಇದೇ ಬೀದಿಯಲ್ಲಿ. ಯಾರ ಮೇಲೆ ಕೋಪ ಎಂದು ಕೇಳಿದರು. ಪಿಟೀಲು ಎಲ್ಲವನ್ನೂ ಒದರಿದಳು.

ಅಜ್ಜಿಯ ಕೈ ನಿಂತಿತು.

"ಆ ಬಲಗೈ ಮುರಿದವಳಾ? ಅವಳ ಕೈಯಲ್ಲಿ ಗಿಳಿ ಇತ್ತಲ್ಲೇ."

"ಗಿಳೀನಾ? ನಿಂಗೆ ಹೇಗೆ ಗೊತ್ತು?"

"ಹೇಗೆ ಅಂದ್ರೆ? ಈ ಎರಡು ಕಣ್ಣಿಂದ ನೋಡಿದೀನಿ."

ತಾನು ಪಿಟೀಲಿಗಿಂತ ಚಿಕ್ಕವಳಿದ್ದಾಗ ದಿನಾ ಅಲ್ಲಿಗೆ ಹೋಗುತ್ತಿದ್ದೆ ಎಂದರು ಅಜ್ಜಿ. ಮೊದಲು ದೇವರಿಗೆ ಕೈ ಮುಗಿದು, ಆಮೇಲೆ ಹಿಂದೆ ಹೋಗಿ ಗಿಳಿಗೂ ಕೈ ಮುಗಿಯುತ್ತಿದ್ದರಂತೆ. ದುಂಡು ಹೊಟ್ಟೆಯ ಮುದ್ದು ಗಿಳಿ. ಒಂದು ದಿನ ಹೋಗಿ ನೋಡಿದರೆ ಗಿಳಿಯೂ ಇಲ್ಲ, ಕೈಯೂ ಇಲ್ಲ. ಅತ್ತದ್ದಕ್ಕೆ, ಗಿಳಿ ಹಾರಿಹೋಯಿತು ಮಗಳೇ ಎಂದು ಅಪ್ಪ ಸಮಾಧಾನ ಮಾಡಿದರಂತೆ. ಹೇಳುತ್ತಾ ಹೇಳುತ್ತಾ ಅಜ್ಜಿಯ ಮುಖ ಚಿಕ್ಕ ಹುಡುಗಿಯದಾಯಿತು.

ಪಿಟೀಲಿಗೆ ಹೋದ ಜೀವ ಬಂದಂತಾಯಿತು. ಇದಕ್ಕಿಂತ ದೊಡ್ಡ ಪ್ರೂಫ್ ಬೇಕೇ? ಕಣ್ಣಾರೆ ಕಂಡವರು ಮನೆಯಲ್ಲೇ ಇದ್ದಾರೆ. ಅಮ್ಮ ಯಾಕೆ ಗೊತ್ತಿಲ್ಲ ಅಂದಳು ಎಂಬುದು ಮಾತ್ರ ತಿಳಿಯಲಿಲ್ಲ. ತನ್ನ ಅಮ್ಮನನ್ನೇ ಕೇಳಿದ್ದರೆ ಆಗುತ್ತಿರಲಿಲ್ಲವೇ?

ಮಾರನೆಯ ದಿನ ಅವಳು ಜೇಡಿಮಣ್ಣಿನಲ್ಲಿ ಕೈ ಮಾಡಿದಳು. ಕೈಯ ಮೇಲೆ ದುಂಡು ಹೊಟ್ಟೆಯ ಗಿಳಿ ಮಾಡಿದಳು. ಗಿಳಿ ಚೆನ್ನಾಗಿಯೇ ಬಂತು. ಲಾಯರ್ ಅದರ ಸುತ್ತ ಒಂದು ಸುತ್ತು ಬಂದ.

"ಯಾರು ಹೇಳಿದ್ದು ಗಿಳಿ ಅಂತ?"

ಅಜ್ಜಿ ಎನ್ನಲು ಬಾಯಿ ತೆರೆದಳು. ಆದರೆ ಅವಳು ಮಾತು ಕೊಟ್ಟಿದ್ದು ಅಜ್ಜಿಯ ಹೆಸರಿನಲ್ಲಿ ಅಲ್ಲವಲ್ಲ.

"ಅಮ್ಮ ಹೇಳಿದ್ಲು" ಎಂದಳು.

ಲಾಯರ್ ತಲೆಯಾಡಿಸಿದ. ಅಮ್ಮ ಹೇಳಿದ್ದಾದರೆ ಅದು ಪ್ರೂಫೇ. ಟೀಚರ್ ಬಂದು ನೋಡಿ, ತುಂಬಾ ಮುದ್ದಾಗಿದೆ ಎಂದರು. ಇಷ್ಟು ದಿನ ಯಾರಿಗೂ ತಿಳಿಯದ್ದನ್ನು ನಿಮ್ಮ ಅಮ್ಮ ಕಂಡುಹಿಡಿದಿದ್ದಾರೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಆಮೇಲೆ, ನಾಳೆ ಕ್ಲಾಸಿನವರೆಲ್ಲ ದೇವಸ್ಥಾನಕ್ಕೇ ಹೋಗೋಣ, ಈ ಗಿಳಿಯ ವಿಷಯ ಅವರ ಬಾಯಿಂದಲೇ ಕೇಳೋಣ ಎಂದರು.

ಪಿಟೀಲು ಗಿಳಿಗೆ ಅಂಗೈ ಅಡ್ಡ ಹಿಡಿದಳು.

ಆ ಸಂಜೆ ಅಮ್ಮ ಏನೋ ಹೇಳಬೇಕೆಂದು ಅವಳ ಹತ್ತಿರ ಬಂದಳು. ಪಿಟೀಲು ಗಣಿತದ ಪುಸ್ತಕದಲ್ಲಿ ಮುಖ ಹುದುಗಿಸಿ, ಹೋಮ್‌ವರ್ಕ್ ಇದೆ ಎಂದಳು. ಊಟವಾದ ಕೂಡಲೇ ಹೋಗಿ ಮಲಗಿ ಕಣ್ಣು ಮುಚ್ಚಿಕೊಂಡಳು. ನಿದ್ದೆ ಬಂದಿರಲಿಲ್ಲ. ಅವಳ ತಲೆಯಲ್ಲಿ ಕನ್ನಡಿ, ಹೂವು, ಗಿಳಿ ಒಂದರ ಮೇಲೊಂದು ಬೀಳುತ್ತಿದ್ದವು. ಗಿಳಿ ನಿಜ. ಅಜ್ಜಿ ಸುಳ್ಳು ಹೇಳುವವರಲ್ಲ. ಅಮ್ಮನೂ ಸುಳ್ಳು ಹೇಳುವವಳಲ್ಲ. ಹಾಗಾದರೆ ತಾನು ಹೇಳಿದ್ದು ಸುಳ್ಳೇ, ಅಲ್ಲವೇ? ಗಿಳಿ ಎಂಬುದು ಸರಿ, ಅಮ್ಮ ಹೇಳಿದಳು ಎಂಬುದು ತಪ್ಪು. ಅರ್ಧ ಸರಿ, ಅರ್ಧ ತಪ್ಪು. ಲೆಕ್ಕದಲ್ಲಿ ಹೀಗಾದರೆ ಟೀಚರ್ ಸೊನ್ನೆ ಹಾಕುತ್ತಾರೆ.

ಮರುದಿನ ಕ್ಲಾಸು ಸಾಲಾಗಿ ದೇವಸ್ಥಾನಕ್ಕೆ ಬಂತು. ಮಕ್ಕಳು ಆನೆಗಳ ಸಾಲಿನ ಉದ್ದಕ್ಕೂ ಕೈ ಸವರುತ್ತಾ ನಡೆದರು. ಎಲ್ಲ ಆನೆಗಳೂ ಒಂದೇ ಥರ ಎಂದು ಒಬ್ಬಳು ಹೇಳಿದಳು. ಹತ್ತಿರ ಹೋಗಿ ನೋಡಿದರೆ ಒಂದು ಸೊಂಡಿಲಿನಲ್ಲಿ ಕೊಂಬೆ ಹಿಡಿದಿತ್ತು, ಒಂದು ಹಿಂದಕ್ಕೆ ತಿರುಗಿ ನೋಡುತ್ತಿತ್ತು, ಒಂದರ ಕಾಲಡಿ ಪುಟ್ಟ ಮರಿಯಿತ್ತು. ಬೇರೆ ದಿನವಾಗಿದ್ದರೆ ಪಿಟೀಲು ಇದನ್ನೆಲ್ಲ ತಾನೇ ತೋರಿಸುತ್ತಿದ್ದಳು. ಇವತ್ತು ಸಾಲಿನ ಕೊನೆಯಲ್ಲಿ ಕಾಲೆಳೆಯುತ್ತಾ ಬಂದಳು.

ಅಮ್ಮ ಅಟ್ಟಣೆಯಿಂದ ಇಳಿದು, ಕೈ ಒರೆಸಿಕೊಂಡು ಎಲ್ಲರನ್ನೂ ಮಾತಾಡಿಸಿದಳು. ಟೀಚರ್ ಗಿಳಿಯ ಸುದ್ದಿ ತೆಗೆಯುವ ಮೊದಲೇ ಲಾಯರ್ ಮುಂದೆ ಬಂದು ನಿಂತ.

"ಆಂಟಿ, ಇವಳ ಕೈಯಲ್ಲಿ ಗಿಳಿ ಇತ್ತು ಅಂತ ನೀವು ಹೇಗೆ ಕಂಡುಹಿಡಿದ್ರಿ?"

ಅಮ್ಮ ಅವನನ್ನು ನೋಡಿದಳು. ಆಮೇಲೆ ಸಾಲಿನ ಕೊನೆಯಲ್ಲಿದ್ದ ಮಗಳನ್ನು ನೋಡಿದಳು. ಪಿಟೀಲು ತನ್ನ ಚಪ್ಪಲಿ ನೋಡಿಕೊಂಡಳು. ಎಲ್ಲೋ ಮೇಲೆ ಒಂದು ಪಾರಿವಾಳ ರೆಕ್ಕೆ ಕೊಡವಿತು.

"ಮೇಲೆ ಬಂದು ನೋಡು" ಎಂದಳು ಅಮ್ಮ ಲಾಯರನಿಗೆ. "ನೀನೂ ಬಾರೇ."

ಎಲ್ಲರಿಗೂ ಅಟ್ಟಣೆಯ ಮೇಲೆ ಜಾಗವಿರಲಿಲ್ಲ. ಇವರಿಬ್ಬರೂ ಅಮ್ಮನ ಹಿಂದೆ ಹತ್ತಿದರು. ಹಲಗೆ ಕಿರ್ ಎಂದಿತು. ಪಿಟೀಲು ಇಷ್ಟು ಹತ್ತಿರದಿಂದ ಮದನಿಕೆಯನ್ನು ನೋಡಿದ್ದು ಇದೇ ಮೊದಲು. ಕೆಳಗಿನಿಂದ ನೋಡಿದಾಗ ಗೊಂಬೆಯಷ್ಟು ಕಾಣುತ್ತಿದ್ದವಳು ಇಲ್ಲಿ ಅವಳಷ್ಟೇ ಎತ್ತರವಿದ್ದಳು. ಜಡೆಯ ಒಂದೊಂದು ಎಳೆಯೂ ಬೇರೆ ಬೇರೆ ಕಾಣುತ್ತಿತ್ತು. ಕತ್ತಿನ ಸರದ ಹಿಂದೆ ಬೆರಳು ತೂರಿಸುವಷ್ಟು ಸಂದು ಕೊರೆದಿದ್ದರು. ಯಾರೂ ನೋಡದ ಬೆನ್ನ ಮಗ್ಗುಲಲ್ಲೂ ಸೀರೆಯ ನೆರಿಗೆ ಇಳಿದಿತ್ತು.

ಅಮ್ಮ ಮುರಿದ ಮಣಿಕಟ್ಟನ್ನು ತೋರಿಸಿದಳು. ಅದರ ನಡುವೆ ಒಂದು ತೂತು. ತೂತಿನ ಸುತ್ತ ಒಣಗಿದ ರಕ್ತದಂಥ ಕಂದು ಬಣ್ಣ.

"ಇದೇನು ಆಂಟಿ?"

"ತುಕ್ಕು."

ಇಲ್ಲಿ ಮೊದಲು ಗಾರೆ ಮೆತ್ತಿತ್ತು, ಅದನ್ನು ತಾನು ಬಿಡಿಸಿದ್ದು ನಿನ್ನೆಯಷ್ಟೇ ಎಂದಳು ಅಮ್ಮ. ಒಳಗೆ ಒಂದು ಕಬ್ಬಿಣದ ಮೊಳೆ ಸಿಕ್ಕಿತು. ಅದನ್ನು ಹಳೆಯ ಬಟ್ಟೆಯ ಚೂರಿನಲ್ಲಿ ಸುತ್ತಿ ಇಟ್ಟಿದ್ದಳು. ಬಿಚ್ಚಿ ತೋರಿಸಿದಳು. ಮೊಳೆ ಉಬ್ಬಿ, ಪದರ ಪದರವಾಗಿ ಸುಲಿದಿತ್ತು. ಅದರ ತುದಿಗೆ ಸಿಮೆಂಟಿನ ಚೂರೊಂದು ಇನ್ನೂ ಕಚ್ಚಿಕೊಂಡಿತ್ತು.

"ಈ ಗುಡಿ ಕಟ್ಟಿದ ಕಾಲದಲ್ಲಿ ಸಿಮೆಂಟ್ ಇತ್ತಾ?" ಎಂದು ಕೇಳಿದ ಲಾಯರ್.

"ಇರಲಿಲ್ಲ. ಇದು ಆಮೇಲೆ ಯಾರೋ ಮಾಡಿದ್ದು."

ಅಮ್ಮ ಹೇಳುತ್ತಾ ಹೋದಳು. ಮೊದಲು ಈ ಕೈ ಇತ್ತು. ಕೈಯಲ್ಲಿದ್ದದ್ದು ಮಾತ್ರ ಯಾವಾಗಲೋ ಒಡೆದು ಹೋಗಿತ್ತು. ಬರಿಗೈ ನೋಡಿ ಯಾರಿಗೋ ಪಾಪ ಎನ್ನಿಸಿರಬೇಕು. ಇಲ್ಲಿ ಗಿಳಿಯೇ ಇತ್ತು ಎಂದು ಅವರಿಗೆ ಗಟ್ಟಿ ನಂಬಿಕೆ. ಸಿಮೆಂಟಿನ ಗಿಳಿ ಮಾಡಿ, ಅಂಗೈಯಿಂದ ಮಣಿಕಟ್ಟಿನವರೆಗೆ ಮೊಳೆ ಇಳಿಸಿ ಕೂರಿಸಿದರು. ಮಳೆ ನೀರು ಒಳಗಿಳಿಯಿತು. ಮೊಳೆ ತುಕ್ಕು ಹಿಡಿದು ದಪ್ಪಗಾಯಿತು. ಇದು ಬಳಪದಂಥ ಮೆತ್ತನೆಯ ಕಲ್ಲು, ತಡೆಯಲಿಲ್ಲ. ಒಳಗಿನಿಂದಲೇ ಬಿರಿದು, ಒಂದು ದಿನ ಕೈ ಸಮೇತ ಗಿಳಿ ಬಿದ್ದುಹೋಯಿತು.

"ಅಜ್ಜಿ ನೋಡಿದ ಗಿಳಿ..." ಎಂದಳು ಪಿಟೀಲು.

"ಅದೇ. ಅಜ್ಜಿ ನೋಡಿದ್ದು ನಿಜ. ನಾನು ಚಿಕ್ಕವಳಿದ್ದಾಗಿಂದ ಕೇಳ್ತಾ ಬಂದಿದೀನಿ."

ಪಿಟೀಲಿಗೆ ಎಲ್ಲ ಗಿರ್ರನೆ ತಿರುಗಿದಂತಾಯಿತು. ಗಿಳಿ ಇತ್ತು. ಆದರೂ ಗಿಳಿ ಇರಲಿಲ್ಲ. ಅಜ್ಜಿ ಹೇಳಿದ್ದು ನಿಜ. ಆದರೂ ಅದು ಉತ್ತರವಲ್ಲ. ಪುಸ್ತಕದ ಕೊನೆಯ ಪುಟ ತಿರುಗಿಸಿದರೆ ಅಲ್ಲಿ ಉತ್ತರವಿರುವ ಲೆಕ್ಕಗಳು ಮಾತ್ರ ಅವಳಿಗೆ ಗೊತ್ತಿದ್ದವು. ಇದು ಯಾವ ಥರದ ಲೆಕ್ಕ?

ಅಮ್ಮ ಅವಳ ಬೆರಳು ಹಿಡಿದು ಮದನಿಕೆಯ ಬಲ ಭುಜದ ಮೇಲೆ ಇಟ್ಟಳು. ತಣ್ಣನೆಯ ನುಣುಪು ಕಲ್ಲು. ನುಣುಪಿನ ನಡುವೆ ಒಂದು ಕಡೆ ಬೆರಳಿಗೆ ಒರಟಾದದ್ದೇನೋ ಸಿಕ್ಕಿತು. ಕಡಲೆಕಾಳಿನಷ್ಟು ಉಬ್ಬು, ಮೇಲ್ಭಾಗ ಒಡೆದಿತ್ತು.

"ಕೈಯಲ್ಲಿದ್ದದ್ದು ಇಲ್ಲಿಗೆ ತಾಗಿತ್ತು. ಅಲ್ಲಾಡಿ ಮುರೀದೆ ಇರಲಿ ಅಂತ ಶಿಲ್ಪಿ ಇಷ್ಟೇ ಇಷ್ಟು ಕಲ್ಲನ್ನ ಆಸರೆಗೆ ಬಿಟ್ಟಿದ್ದ. ನನಗೆ ಗೊತ್ತಿರೋದು ಇಷ್ಟು ಮಾತ್ರ."

"ಕನ್ನಡಿಯೂ ತಾಗಬಹುದಲ್ವಾ ಆಂಟಿ?"

"ತಾಗಬಹುದು."

"ಹೂವು?"

"ತೊಟ್ಟು ಉದ್ದ ಇದ್ರೆ ಅದೂ ತಾಗುತ್ತೆ."

"ಮತ್ತೆ ನೀವು ಇದಕ್ಕೆ ಏನು ಮಾಡ್ತೀರಿ?"

ಸುಣ್ಣಕ್ಕೆ ಕಲ್ಲಿನ ಪುಡಿ ಕಲಸಿ ತೂತಿಗೆ ತುಂಬುತ್ತೇನೆ, ಇನ್ನು ಮೇಲೆ ನೀರು ಇಳಿಯಬಾರದು ಎಂದಳು ಅಮ್ಮ. ಅಷ್ಟೇನಾ ಎಂದು ಕೇಳಿದ ಲಾಯರ್. ಅಷ್ಟೇ ಎಂದಳು. ಗಿಳಿ ಎಂದು ಹೇಳಿದ್ದು ಯಾರು ಎಂಬ ಮಾತು ಅವಳು ಎತ್ತಲಿಲ್ಲ. ಮಗಳ ಕಡೆ ನೋಡಲೂ ಇಲ್ಲ. ಬ್ರಷ್ ತೆಗೆದುಕೊಂಡು ತೂತಿನ ಅಂಚಿನ ತುಕ್ಕಿನ ಪುಡಿ ಉದುರಿಸತೊಡಗಿದಳು.

ಆದರೆ ಲಾಯರ್ ಲಾಯರೇ. ಹುಬ್ಬು ಗಂಟಿಕ್ಕಿ, ಪಿಟೀಲನ್ನೂ ಅವಳ ಅಮ್ಮನನ್ನೂ ನೋಡಿದ.

"ಹಾಗಾದ್ರೆ ಆಂಟಿ, ಗಿಳಿ ಅಂತ ನೀವು ಹೇಳಿದ್ರಾ, ಇಲ್ವಾ?"

ಅಮ್ಮನ ಬ್ರಷ್ ನಿಂತಿತು. ಅವಳು ಬಾಯಿ ತೆರೆಯುವ ಮೊದಲು ಪಿಟೀಲೇ ಹೇಳಿದಳು.

"ಇಲ್ಲ. ಅಮ್ಮ ಗೊತ್ತಿಲ್ಲ ಅಂದಿದ್ಲು. ಅವಳು ಹೇಳಿದ್ಲು ಅಂತ ನಾನೇ ಸೇರಿಸಿದ್ದು."

ದನಿ ಹೊರಟದ್ದು ಸಣ್ಣದಾಗಿ. ಕಲ್ಲಿನ ಚಾವಣಿ ಅದನ್ನು ಹಿಡಿದು ದೊಡ್ಡದು ಮಾಡಿತು. ಕೆಳಗೆ ನಿಂತವರಿಗೂ ಕೇಳಿಸಿರಬೇಕು, ಗುಸುಗುಸು ನಿಂತಿತು. ಲಾಯರ್ ಪ್ರೂಫ್ ಕೇಳಲಿಲ್ಲ. ಅವನು ತೂತನ್ನು ಒಮ್ಮೆ, ಮೊಳೆಯನ್ನು ಒಮ್ಮೆ ನೋಡಿದ.

ಅಮ್ಮ ಬೈಯಲಿಲ್ಲ. ಮೊಳೆಯನ್ನು ಬಟ್ಟೆಯಲ್ಲಿ ಮತ್ತೆ ಸುತ್ತಿದಳು. "ಹುಷಾರಾಗಿ ಇಳೀರಿ, ಹಲಗೆ ಜಾರುತ್ತೆ" ಎಂದಳು. ಇಳಿಯುವಾಗ ಮಗಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು, ನೆಲಕ್ಕೆ ಕಾಲು ತಾಗುವವರೆಗೂ.

ಕೆಳಗೆ ಟೀಚರ್ ಮಕ್ಕಳನ್ನು ಮತ್ತೆ ಸಾಲಿಗೆ ನಿಲ್ಲಿಸಿದರು. ನಂತರ, ಹಾಗಾದರೆ ಮಾಡೆಲ್‌ಗೆ ಏನು ಮಾಡುತ್ತೀಯಾ ಎಂದಷ್ಟೇ ಕೇಳಿದರು. ಯೋಚನೆ ಮಾಡ್ತೀನಿ ಟೀಚರ್ ಎಂದಳು ಪಿಟೀಲು.

ಸಂಜೆ ಅಜ್ಜಿಗೂ ಹೇಳಬೇಕಾಯಿತು. ಅದೇ ಎಲ್ಲಕ್ಕಿಂತ ಕಷ್ಟ ಎನ್ನಿಸಿತು. ಗಿಳಿ ಇದ್ದದ್ದು ನಿಜ, ಅದನ್ನು ಯಾರೋ ಆಮೇಲೆ ಕೂರಿಸಿದ್ದು ಎಂದಳು. ಅಜ್ಜಿ ತುಂಬಾ ಹೊತ್ತು ಸೆರಗಿನ ಅಂಚು ಸುತ್ತುತ್ತಾ ಕುಳಿತರು.

"ಅಂದ್ರೆ ನಾನು ಅಷ್ಟು ದಿನ ಕೈ ಮುಗಿದದ್ದು ಸಿಮೆಂಟಿಗಾ?"

ಹಾಗೆಂದು ಅಜ್ಜಿಯೇ ನಕ್ಕರು.

"ಹೋಗ್ಲಿ ಬಿಡು. ಕೈ ಮುಗಿದದ್ದು ಅಲ್ಲೇ ಗುಡಿಯೊಳಗಿದ್ದವನಿಗೆ ಹೋಗಿ ಸೇರಿರುತ್ತೆ."

ಮರುದಿನ ಕ್ಲಾಸಿನಲ್ಲಿ ಪಿಟೀಲು ಗಿಳಿಯನ್ನು ತೆಗೆದಳು. ಮಣ್ಣು ಅರ್ಧ ಒಣಗಿತ್ತು, ನೀರು ಹಚ್ಚಿ ಮೆತ್ತಗೆ ಮಾಡಿ, ಮೆಲ್ಲಮೆಲ್ಲನೆ ಬಿಡಿಸಬೇಕಾಯಿತು. ಅದರ ಜೊತೆಗೆ ಕೈಯೂ ಕಿತ್ತು ಬಂತು. ಮಣಿಕಟ್ಟನ್ನು ಬೆರಳಿನಿಂದ ಸವರಿದಳು. ಬಟಾಣಿಗಿಂತ ಸಣ್ಣ ಮಣ್ಣಿನ ಉಂಡೆ ಮಾಡಿ ಬಲ ಭುಜಕ್ಕೆ ಅಂಟಿಸಿ, ಅದರ ತುದಿಯನ್ನು ಉಗುರಿನಿಂದ ಒರಟು ಮಾಡಿದಳು.

ಎಕ್ಸಿಬಿಷನ್ ದಿನ ಚಿಕ್ಕ ಕ್ಲಾಸಿನ ಮಕ್ಕಳು ಮಾಡೆಲ್ ನೋಡಲು ನೂಕಿಕೊಂಡು ಬಂದರು. ಹೆಚ್ಚಿನವರು ಆನೆಗಳ ಹತ್ತಿರ ನಿಂತರು. ಹಲ್ಲು ಬಿದ್ದ ಪುಟಾಣಿಯೊಬ್ಬ ಮದನಿಕೆಯ ಮುಂದೆ ನಿಂತ. ಅವನ ಮೂಗು ಮೇಜಿನ ಮಟ್ಟಕ್ಕಿತ್ತು.

"ಭುಜದ ಮೇಲೆ ಏನದು?"

"ಅವಳ ಕೈಯಲ್ಲಿದ್ದದ್ದು ಅಲ್ಲಿಗೆ ತಾಗಿತ್ತು" ಎಂದಳು ಪಿಟೀಲು.

"ಕೈಯಲ್ಲಿ ಏನಿತ್ತು?"

ಪಕ್ಕದಲ್ಲಿ ತನ್ನ ಸಿಂಹದ ಹತ್ತಿರ ನಿಂತಿದ್ದ ಲಾಯರ್ ತಿರುಗಿ ನೋಡಿದ.

"ಗೊತ್ತಿಲ್ಲ" ಎಂದಳು ಪಿಟೀಲು.

ಹೇಳಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತು. ಅಟ್ಟಣೆಯ ಮೇಲಿನಿಂದ ಅಮ್ಮ ಹೇಳಿದಾಗ ಎಷ್ಟು ಸಣ್ಣದಾಗಿತ್ತು ಆ ಮಾತು. ಈಗ ಬಾಯಲ್ಲಿ ಸಣ್ಣದೆನ್ನಿಸಲಿಲ್ಲ.

ಪುಟಾಣಿಗೆ ಬೇಸರವೇನೂ ಆಗಲಿಲ್ಲ. ಅವನು ಸೊಂಟ ಒಂದು ಕಡೆ ಬಾಗಿಸಿದ, ತಲೆ ಇನ್ನೊಂದು ಕಡೆ ವಾಲಿಸಿದ. ಬಲಗೈಯನ್ನು ಭುಜದ ಹತ್ತಿರ ಎತ್ತಿ, ಏನನ್ನೋ ಹಿಡಿದವನ ಹಾಗೆ ಬೆರಳು ಮಡಚಿ, ಆ ಬೆರಳುಗಳ ನಡುವೆಯೇ ನೋಡುತ್ತಾ ನಿಂತ.

ಪಿಟೀಲು ಅವನ ಬೆಳಕಿಗೆ ಅಡ್ಡವಾಗದಂತೆ ಸ್ವಲ್ಪ ಪಕ್ಕಕ್ಕೆ ಸರಿದಳು.